ಫೋನಿನ ಅಂಗಿಗೆ ಅಭ್ಯಂಜನ

ಪಾರದರ್ಶಕ ಕವರ್ ಕೊಂಡವರೆಲ್ಲ ಕೆಲವೇ ತಿಂಗಳಲ್ಲಿ ಅರಿಸಿನ ಬಣ್ಣದ ಕವರಿನ ಒಡೆಯರಾಗುತ್ತಾರೆ. ಕೂಡಲೇ ಮನೆಯಲ್ಲಿ ಉಪಚಾರ ಶುರು. ಒಬ್ಬರು ಅಡುಗೆ ಸೋಡಾ ಅಂತಾರೆ, ಇನ್ನೊಬ್ಬರು ನಿಂಬೆಹಣ್ಣು; ಅತ್ತೆಯವರಂತೂ ದೇವರ ಪಾತ್ರೆಗೆಂದು ನೆನೆಹಾಕಿದ ಹುಣಸೆಹಣ್ಣನ್ನೇ ದಾನ ಮಾಡುತ್ತಾರೆ. ತಿಕ್ಕಿದ್ದೇ ಬಂತು. ಆ ಹಳದಿ ಕೊಳೆಯಲ್ಲ ಸ್ವಾಮಿ, ಟಿಪಿಯು ಎಂಬ ಪ್ಲಾಸ್ಟಿಕ್ಕೇ ಬಿಸಿಲಿನ ನೇರಳಾತೀತ ಕಿರಣಕ್ಕೂ ಶಾಖಕ್ಕೂ ಬಣ್ಣಗೆಟ್ಟಿರುವುದು. ಎಷ್ಟೋ ಹೊಸ ಕವರುಗಳಲ್ಲಿ ಕಾಣುವ ತೆಳು ನೀಲಿ ಛಾಯೆ ಕೂಡ ಈ ಹಳದಿಯನ್ನು ಮರೆಮಾಚಲು ಸೇರಿಸಿದ್ದೇ. ಬಿಳಿ ಪಂಚೆಗೆ ನೀಲಿ ಹಾಕಿದ ಹಾಗೆ.

ನಿಜವಾದ ಕೊಳೆ ಬೇರೆಯೇ ಇದೆ. ಕವರ್ ಬಿಚ್ಚಿ ನೋಡಿ: ಕ್ಯಾಮೆರಾ ಕಿಂಡಿಯ ಅಂಚಿನಲ್ಲಿ ಜೇಬಿನ ನೂಲು, ಚಾರ್ಜರ್ ತೂತಿನ ಬಳಿ ಚಪಾತಿ ಹಿಟ್ಟು, ಹಿಂಬದಿಯಲ್ಲಿ ಮಡಚಿಟ್ಟು ಮರೆತ ಹತ್ತರ ನೋಟು. ನೋಟು ನಿಮಗೇ ಇರಲಿ. ಉಳಿದದ್ದಕ್ಕೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ಡು, ಹಲ್ಲುಜ್ಜಿ ಸವೆದ ಬ್ರಷ್ಷು ಸಾಕು. ಚರ್ಮದ ಕವರಿಗೆ ಮಾತ್ರ ಈ ಸ್ನಾನ ಬೇಡ, ತುಸು ತೇವದ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಆರುವ ತನಕ ಫೋನಿಗೆ ತೊಡಿಸಬೇಡಿ. ಒಣಗಲೆಂದು ಬಿಸಿಲಿಗಂತೂ ಇಡಲೇಬೇಡಿ, ಹಳದಿ ಇನ್ನಷ್ಟು ಏರೀತು!