ಮೊಳಕೆ ಟ್ರೇ ಮುಂದೆ ಒಂದು ಹ್ಯಾಟೆ

ಕೋಳಿ ಮೇವಿನ ಖರ್ಚನ್ನು ಅರ್ಧಕ್ಕರ್ಧ ಇಳಿಸುವ ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದೇ ಇರುತ್ತದೆ. ಅದನ್ನು ನಂಬಿದವರೊಬ್ಬರ ಮನೆ ತುಮಕೂರಿನ ಹೊಸ ಬಡಾವಣೆಯಲ್ಲಿದೆ. ಅಲ್ಲಿನ ನಾಟಿ ಹ್ಯಾಟೆ ನಮ್ಮೊಂದಿಗೆ ಮಾತಾಡಿತು.

ಪ್ರಶ್ನೆ: ಏನಮ್ಮಾ, ಮೊಳಕೆ ಮೇವು ಹೇಗಿದೆ?

ಹ್ಯಾಟೆ: ಮುಸುಕಿನ ಜೋಳ ನೆನೆಹಾಕಿ, ಟ್ರೇಗೆ ಹರಡಿ, ಎಂಟು ದಿನ ನೀರು ಚಿಮುಕಿಸ್ತಾರೆ ಬುದ್ಧಿ. ಬೇರೆಲ್ಲ ಹೆಣೆದುಕೊಂಡು ಚಾಪೆಯಾಗುತ್ತೆ. ಅದನ್ನ ಸುತ್ತಿ ತಂದು ನನ್ನ ಮುಂದೆ ಹಾಸ್ತಾರೆ. ಆ ನಾರು ಮೆಲುಕು ಹಾಕೋಕೆ ನಾನೇನು ಹಸುವಾ?

ಪ್ರಶ್ನೆ: ಒಂದು ಕೆ.ಜಿ. ಜೋಳ ಐದಾರು ಕೆ.ಜಿ. ಆಗುತ್ತಂತಲ್ಲ?

ಹ್ಯಾಟೆ: ನೀರು ಬುದ್ಧಿ, ನೀರು! ಒಣಗಿಸಿ ತೂಗಿ ನೋಡಿ, ಹಾಕಿದ ಕಾಳಿಗಿಂತ ಕಮ್ಮಿನೇ ಬರುತ್ತೆ. ಮೊಳಕೆ ಬೆಳೆಯೋದು ಆ ಕಾಳು ತಿಂದೇ ಅಲ್ವಾ?

ಪ್ರಶ್ನೆ: ಹುರುಳಿಕಾಳು ಮೊಳಕೆ ಕಟ್ಟಿದರೆ ಬಸ್ಸಾರಿಗೆ ಏನು ರುಚಿ! ಖಾರ ಮಾತ್ರ ಒರಳಲ್ಲೇ ರುಬ್ಬಬೇಕು. ಮಿಕ್ಸಿ ಬಂದ ಮೇಲೆ ಬಸ್ಸಾರು ಕೆಟ್ಟಿತು ಅಂತ ನಿಮಗೂ ಅನಿಸುತ್ತಾ?

ಹ್ಯಾಟೆ: ನನ್ನ ಒರಳು ಹೊಟ್ಟೆಯೊಳಗೇ ಇದೆ. ಕಾಳು ಅರೆಯೋಕೆ ಗರಸು ಬೇಕು. ಇವರು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ್ದಾರೆ.

ಪ್ರಶ್ನೆ: ನಾನೂ ಅದನ್ನೇ ಹೇಳೋದು! ಕಲ್ಲಿಲ್ಲದೆ ರುಬ್ಬಿದ್ದು ರುಬ್ಬಿದ್ದೇ ಅಲ್ಲ. ಇರಲಿ, ಹೊಸತೊಡಕು ಹತ್ತಿರ ಬಂತು. ಭಯವಿಲ್ಲವೇ?

ಹ್ಯಾಟೆ: ಅದು ನಮ್ಮಜ್ಜಿ ಕಾಲದಿಂದ ಇರೋದು, ಬಿಡಿ. ಟ್ರೇ ವಿಷಯಕ್ಕೆ ಬನ್ನಿ.

ಪ್ರಶ್ನೆ: ಅದರಲ್ಲಿ ಒಳ್ಳೇದು ಏನೂ ಇಲ್ವಾ?

ಹ್ಯಾಟೆ: ಇದೆ. ಮೂರ್ನಾಲ್ಕು ದಿನದ ಮೊಳಕೆ ಒಂದು ಹಿಡಿ, ಕಾಳಿನ ಜೊತೆ ಹಾಕಿದ್ರೆ ಬೇಡ ಅನ್ನಲ್ಲ. ಹಸಿರು ತಿಂದ್ರೆ ಮೊಟ್ಟೆಯ ಹಳದಿ ರಂಗೇರುತ್ತೆ. ಆದ್ರೆ ಒಂದು ಮೊಟ್ಟೆ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಟ್ರೇಲಿ ಅಷ್ಟೆಲ್ಲಿದೆ? ಚಿಪ್ಪು ಮೆತ್ತಗಾದ್ರೆ ಬೈಸಿಕೊಳ್ಳೋಳು ನಾನು.

ಪ್ರಶ್ನೆ: ಆ ಮೂಲೆ ಟ್ರೇಲಿ ಅದೇನು, ಬೆಳ್ಳಗೆ?

ಹ್ಯಾಟೆ: ಬೂಷ್ಟು. ನಿನ್ನೆ ಮನೆಯೊಡತಿ ಅದನ್ನ ಮೂಸಿ, ಮೂಗು ಮುಚ್ಚಿಕೊಂಡು, 'ಕೋಳಿ ತಾನೆ, ತಿನ್ನುತ್ತೆ' ಅಂದ್ರು. ಕೋಳಿ ತಾನೆ! 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಅಫ್ಲಾಟಾಕ್ಸಿನ್ ಅನ್ನೋ ವಿಷ ಇದೆ ಅಂತ ಲೋಕಕ್ಕೆ ಗೊತ್ತಾಗಿದ್ದೇ ಆ ಹೆಣಗಳಿಂದ. ಲಿವರನ್ನೇ ತಿಂದುಹಾಕುತ್ತೆ ಅದು. ಈ ಟ್ರೇಲಿರೋ ಬೂಷ್ಟು ಯಾವುದು ಅಂತ ನೋಡಿ ಹೇಳಿದೋರು ಯಾರು? ಇಪ್ಪತ್ತೊಂದು ದಿನ ಕಾವಿಗೆ ಕೂತು ಮಾಡಿದ ಮರಿಗಳು ಇವು. ನಿಮ್ಮ ಮಗುವಿನ ತಟ್ಟೆಗೆ ಹಾಕದ್ದನ್ನ ಇವುಗಳ ಮುಂದೆ ಯಾಕೆ ಸುರೀತೀರಿ?

ಪ್ರಶ್ನೆ: ...ಏನು ಮಾಡಬೇಕು ಹೇಳಿ.

ಹ್ಯಾಟೆ: ಟ್ರೇ ಪ್ರತಿಸಲ ಉಜ್ಜಿ ತೊಳೀರಿ. ಬೂಷ್ಟು ಕಂಡ್ರೆ ಬಿಸಾಕಿ. ಮುಖ್ಯವಾಗಿ, ನನ್ನನ್ನ ತಿಪ್ಪೆಗೆ ಬಿಡಿ. ಹುಳ, ಹಸಿರು, ಗರಸು ಎಲ್ಲ ಅಲ್ಲಿ ಪುಕ್ಕಟೆ.

ಪ್ರಶ್ನೆ: ನಮ್ಮೂರ ತಿಪ್ಪೆ ಪಕ್ಕ ಒಂದು ಒರಳುಕಲ್ಲೂ ಬಿದ್ದಿದೆ. ಮಿಕ್ಸಿ ತಂದ ವರ್ಷ ಎಸೆದದ್ದು!

ಹ್ಯಾಟೆ: ಒಳ್ಳೇದೇ ಆಯ್ತು. ಮಳೆ ನೀರು ನಿಂತಿದ್ರೆ ನಮಗೆ ಕುಡಿಯೋಕಾಗುತ್ತೆ.