ಪ್ರಸೂತಿ ಪೋಸ್ಟಿಂಗ್ ಸೂತ್ರಗಳು (ಭಾಷ್ಯಸಹಿತ)

ಶಾಸ್ತ್ರಗ್ರಂಥ ಎಂದಮೇಲೆ ಅದಕ್ಕೆ ನಾಲ್ಕು ಅನುಬಂಧಗಳಿರಬೇಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಈ ಗ್ರಂಥಕ್ಕೆ ಅಧಿಕಾರಿ ಎಂದರೆ, ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು, ದತ್ತಾ ಅವರ ಪ್ರಸೂತಿಶಾಸ್ತ್ರದ ಪಠ್ಯಪುಸ್ತಕವನ್ನು ಅರ್ಧ ಓದಿ, ಸಾಂಗ್ಲಿ–ಮಿರಜ ಕಡೆಯ ಯಾವುದೋ ದೊಡ್ಡ ದವಾಖಾನೆಯ ಲೇಬರ್ ರೂಮಿನ ಬಾಗಿಲಿಗೆ ಬಂದು ನಿಂತ ವೈದ್ಯಕೀಯ ವಿದ್ಯಾರ್ಥಿ. ವಿಷಯ: ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆಯಿಂದ ಬರುವ ಕನ್ನಡದ ಬಸುರಿ. ಸಂಬಂಧ: ಇವನಿಗೆ ಮರಾಠಿ, ಇಂಗ್ಲಿಷ್ ಬರುತ್ತವೆ, ಅವಳಿಗೆ ಬ್ಯಾನಿ ಬರುತ್ತವೆ. ಪ್ರಯೋಜನ: ಲಾಗ್‌ಬುಕ್ಕಿನಲ್ಲಿ ಸಹಿ.

ಸೂತ್ರ 1: ತಿಥಿ ಬಲ್ಲವರನ್ನು ತಾರೀಖು ಕೇಳಬಾರದು.

ಭಾಷ್ಯ: ಕೊನೆಯ ಮುಟ್ಟು ಯಾವ ತಾರೀಖಿಗೆ ಆಯಿತೆಂದು ವಿದ್ಯಾರ್ಥಿ ಕೇಳುತ್ತಾನೆ. ಬಸುರಿ ಸುಮ್ಮನಿರುತ್ತಾಳೆ, ಉತ್ತರ ಅತ್ತೆಯಿಂದ ಬರುತ್ತದೆ: "ಎಳ್ಳಮಾಸಿ ದಿನ ಹೊರಗಾಗಿದ್ದಳ್ರೀ." ವಿದ್ಯಾರ್ಥಿ ಮೊಬೈಲಿನಲ್ಲಿ ಎಳ್ಳಮಾಸಿಯನ್ನು ಹುಡುಕತೊಡಗುತ್ತಾನೆ. ಜರ್ಮನಿಯ ನೇಗೆಲೆ ಪಂಡಿತನ (1778–1851) ಮತದಂತೆ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಕೂಡಿಸಬೇಕು. ಸುಮಾರು 280 ದಿನ. ಅತ್ತೆಯ ಮತದಂತೆ ಅಮಾವಾಸ್ಯೆಗೆ ಮುಟ್ಟಾದವಳು ಹುಣ್ಣಿಮೆಗೆ ಹಡೆಯುತ್ತಾಳೆ, ಹುಣ್ಣಿಮೆಗೆ ಆದವಳು ಅಮಾವಾಸ್ಯೆಗೆ. ಇದನ್ನು ಮೂಢನಂಬಿಕೆ ಎನ್ನುವ ಮೊದಲು ಗುಣಿಸಿ ನೋಡಬೇಕು. ಚಾಂದ್ರಮಾಸಕ್ಕೆ 29.53 ದಿನ, ಅಂಥ ಒಂಬತ್ತೂವರೆ ತಿಂಗಳಿಗೆ 280 ದಿನ ಮತ್ತು ಚಿಲ್ಲರೆ. ಎಳ್ಳಮಾಸಿಯಿಂದ ಎಣಿಸಿದರೆ ನೆಟ್ಟಗೆ ಶೀಗಿಹುಣ್ಣಿಮೆ.

ಆದರೆ 2022ರ ಡಿಸೆಂಬರ್ 23ರ ಎಳ್ಳಮಾಸಿಯ ಬಸುರಿಗೆ ಅತ್ತೆ ಶೀಗಿಹುಣ್ಣಿಮೆ ಹೇಳಲಾರಳು, ಅನಂತನ ಹುಣ್ಣಿಮೆ ಹೇಳುತ್ತಾಳೆ. ಆ ಹುಣ್ಣಿಮೆ 2023ರ ಸೆಪ್ಟೆಂಬರ್ 29ಕ್ಕೆ ಬಿತ್ತು. ನೇಗೆಲೆಯ ಲೆಕ್ಕ ಸೆಪ್ಟೆಂಬರ್ 30. ಹಬ್ಬ ಒಂದು ತಿಂಗಳು ಹಿಂದೆ ಸರಿದದ್ದೇಕೆ? ಆ ವರ್ಷ ನಡುವೆ ಅಧಿಕ ಶ್ರಾವಣ ಬಂದಿತ್ತು. ನೇಗೆಲೆಗೆ ಅಧಿಕಮಾಸ ಗೊತ್ತಿರಲಿಲ್ಲ. ಇಷ್ಟು ಮಹತ್ವದ ತಿದ್ದುಪಡಿ ಯಾವ ವೈದ್ಯಕೀಯ ಪತ್ರಿಕೆಯಲ್ಲೂ ಅಚ್ಚಾಗದಿರಲು ಕಾರಣ, ಅದರ ಲೇಖಕಿಯಾದ ಅತ್ತೆ ಎಲಿ-ಅಡಿಕಿ ಹಾಕಿಕೊಳ್ಳಲು ಹೊರಗೆ ಹೋಗಿದ್ದಾಳೆ.

ಸೂತ್ರ 2: ಹೊಟ್ಟೆ ಮುಟ್ಟುವವನಿಗೆ ಕೈಯೇ ಕಣ್ಣು.

ಭಾಷ್ಯ: ಲಿಯೋಪೋಲ್ಡ್ ಎಂಬ ಆಚಾರ್ಯ ಹೊಟ್ಟೆ ಮುಟ್ಟಿ ನೋಡಲು ನಾಲ್ಕು ವಿಧಿ ಹೇಳಿದ್ದಾನೆ: ಮೇಲೆ ಏನಿದೆ, ಬೆನ್ನು ಯಾವ ಬದಿಗಿದೆ, ಕೆಳಗೆ ಏನಿದೆ, ಅದು ಎಷ್ಟು ಇಳಿದಿದೆ. ದುಂಡಗೆ, ಗಟ್ಟಿಯಾಗಿ, ಒತ್ತಿದರೆ ಅತ್ತಿತ್ತ ಸರಿಯುವುದು ತಲೆ. ಮೆತ್ತಗೆ, ಅಗಲವಾಗಿರುವುದು ಕುಂಡಿ. ವಿದ್ಯಾರ್ಥಿ ನಾಲ್ಕೂ ವಿಧಿಗಳನ್ನು ಭಕ್ತಿಯಿಂದ ನೆರವೇರಿಸಿ, ಕೊನೆಗೆ ಕುಂಡಿಯನ್ನು ತಲೆಯೆಂದು ಘೋಷಿಸುತ್ತಾನೆ. ಅದೇ ಹೊತ್ತಿಗೆ ಹೊರಗೆ ಬಾಕಿನ ಮೇಲೆ ಬಸುರಿಯ ಗಂಡ ಕೂತಿರುತ್ತಾನೆ. ಮಾಡಗ್ಯಾಳ ಕುರಿಗಳನ್ನು ಮೇಯಿಸುವವನು. ಕುರಿಗೆ ಗರ್ಭ ಸುಮಾರು 150 ದಿನ ಎಂಬುದೂ, ಮರಿ ಮುಂಗಾಲೆರಡರ ಮೇಲೆ ಮೂತಿಯಿಟ್ಟು ಬರಬೇಕೆಂಬುದೂ, ಒಂದು ಕಾಲು ಹಿಂದೆ ಮಡಚಿದ್ದರೆ ಹೇಗೆ ನೆಟ್ಟಗೆ ಮಾಡಬೇಕೆಂಬುದೂ ಅವನ ಕೈಗೆ ಗೊತ್ತು. ಅವನನ್ನು ಲೇಬರ್ ರೂಮಿಗೆ ಕರೆಯಬೇಕೆಂಬುದು ಈ ಗ್ರಂಥದ ಮತವಲ್ಲ. ತಲೆಗೂ ಕುಂಡಿಗೂ ಭೇದವರಿಯುವ ಜ್ಞಾನ ಬಾಗಿಲ ಹೊರಗೂ ಇದೆ ಎಂಬಷ್ಟೇ ಮತ.

ಸೂತ್ರ 3: ಲೇಬರ್ ರೂಮಿನಲ್ಲಿ ಎಲ್ಲರೂ ಗುರುಗಳು, ಮಾವಶಿ ಪರಮಗುರು.

ಭಾಷ್ಯ: ವಿದ್ಯಾರ್ಥಿಯ ಮೇಲೆ ಇಂಟರ್ನ್, ಇಂಟರ್ನ್ ಮೇಲೆ ರೆಸಿಡೆಂಟ್, ರೆಸಿಡೆಂಟ್ ಮೇಲೆ ಸಿಸ್ಟರ್, ನೆಲ ಒರೆಸುವ ಮಾವಶಿ ಎಲ್ಲರ ಮೇಲೆ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್, ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದ ವೈದ್ಯರಿಗೆ ಕ್ಲೋರಿನ್ ನೀರಲ್ಲಿ ಕೈ ತೊಳೆಯಲು ಹೇಳಿದ. ಬಾಣಂತಿಯರ ಸಾವು ಇಳಿಯಿತು. ಹಿರಿಯ ವೈದ್ಯರ ಸಿಟ್ಟು ಏರಿತು. ಮಾವಶಿ ಸೆಮ್ಮೆಲ್‌ವೈಸನ ಹೆಸರು ಕೇಳಿದವಳಲ್ಲ. ಆದರೂ "ಆಧೀ ಹಾತ ಧುವಾ" ಎಂದು ಅವಳು ಮರಾಠಿಯಲ್ಲಿ ಗದರಿದರೆ ಕೈ ತೊಳೆಯದ ವೈದ್ಯ ಇನ್ನೂ ಹುಟ್ಟಿಲ್ಲ. ಅವಳ ಎರಡನೆಯ ಉಪದೇಶ "ಬಾಜೂಲಾ ವ್ಹಾ", ಅಂದರೆ ಸರಿದು ನಿಲ್ಲು. ವಿದ್ಯಾರ್ಥಿ ಎಲ್ಲಿ ನಿಂತರೂ ಟ್ರಾಲಿಗೆ ಹಾದಿ ಬೇಕಾಗುವುದು ಅಲ್ಲಿಯೇ. ಇದಕ್ಕೆ ಅಪವಾದ ಕಂಡವರಿಲ್ಲ.

ಸೂತ್ರ 4: ಗರ್ಭಕೋಶಕ್ಕೆ ಪಠ್ಯಕ್ರಮವಿಲ್ಲ.

ಭಾಷ್ಯ: ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಮೇಲೆ ತಾಸಿಗೊಂದು ಸೆಂಟಿಮೀಟರಿನಂತೆ ಹತ್ತಕ್ಕೆ ಮುಟ್ಟಬೇಕೆಂದು ಪಾರ್ಟೋಗ್ರಾಫ್ ಎಂಬ ಹಳೆಯ ಹೆರಿಗೆ-ನಕ್ಷೆ ಗೆರೆ ಎಳೆದಿತ್ತು. ಅನೇಕ ತಾಯಂದಿರು ಆ ಗೆರೆಗೆ ಬೆಲೆ ಕೊಡಲಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸೋತು, ಹೆರಿಗೆಯ ಸಕ್ರಿಯ ಹಂತ ಐದರಿಂದ ಶುರು ಎಂದು ತಿದ್ದಿ, ಆ ಓರೆಗೆರೆಯನ್ನು ಕೈಬಿಟ್ಟಿತು. ಆದ್ದರಿಂದ ನಡುರಾತ್ರಿ ಎರಡಕ್ಕೆ ವಿದ್ಯಾರ್ಥಿಗೆ ಉಳಿಯುವ ಕೆಲಸ ಒಂದೇ: ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಮಿಷಕ್ಕೆ ಎಷ್ಟು ಬ್ಯಾನಿ ಬಂದವೆಂದು ಎಣಿಸುವುದು. ಹತ್ತು ನಿಮಿಷ ಕಳೆದ ಮೇಲೂ ಕೈ ವಾಪಸು ಬರುವುದಿಲ್ಲ. ಆಕೆ ಅದನ್ನು ಹಿಡಿದುಕೊಂಡಿರುತ್ತಾಳೆ. "ಎಲ್ಲೂ ಹೋಗಬ್ಯಾಡೋ ತಮ್ಮಾ" ಎನ್ನುತ್ತಾಳೆ. ಇದನ್ನು ಬರೆದುಕೊಳ್ಳಲು ಲಾಗ್‌ಬುಕ್ಕಿನಲ್ಲಿ ಅಂಕಣವಿಲ್ಲ.

ಪೂರ್ವಪಕ್ಷ: ಹಾಗಾದರೆ ಓದು ವ್ಯರ್ಥವೇ? ಆನಂದಿಬಾಯಿ ಜೋಶಿ 1886ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆದದ್ದು ಆರ್ಯ ಹಿಂದೂಗಳ ಪ್ರಸೂತಿಶಾಸ್ತ್ರದ ಮೇಲೆ ಪ್ರಬಂಧ ಬರೆದಲ್ಲವೇ? ಕೊಲ್ಲಾಪುರದ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡು ಅವರಿಗಾಗಿ ಕಾದಿರಲಿಲ್ಲವೇ?

ಸಿದ್ಧಾಂತ: ನಿಜ. ಆದರೆ ಅವರು ಪುಸ್ತಕ ಹಿಡಿದದ್ದು, ಹದಿನಾಲ್ಕರಲ್ಲಿ ತಾವೇ ಹಡೆದು, ಹತ್ತು ದಿನದ ಕೂಸನ್ನು ಕಳೆದುಕೊಂಡ ಮೇಲೆ. ಪ್ರಶ್ನೆ ಮೊದಲು ಬಂತು, ಪುಸ್ತಕ ಆಮೇಲೆ. ನಮ್ಮ ಅಧಿಕಾರಿ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಅವು ಯಾವ ಪ್ರಶ್ನೆಯ ಉತ್ತರಗಳೆಂದು ತಿಳಿಯುವುದಕ್ಕೇ ಈ ಪೋಸ್ಟಿಂಗ್.

ಫಲಶ್ರುತಿ: ಇದನ್ನು ಬೆಳಿಗ್ಗೆ ಪಠಿಸಿದವನಿಗೆ ರೌಂಡ್ಸಿನಲ್ಲಿ ಬೈಗುಳ ಕಡಿಮೆ. ಸಂಜೆ ಪಠಿಸಿದವನಿಗೆ ವೈವಾದಲ್ಲಿ ನೇಗೆಲೆಯೇ ಕೈಹಿಡಿದು ಕಾಪಾಡುತ್ತಾನೆ. ಏನನ್ನೂ ಪಠಿಸದೆ ರಾತ್ರಿಯಿಡೀ ಮಂಚದ ಬದಿಗೆ ನಿಂತವನಿಗೆ ಅತ್ತೆ ತಾನೇ ಹುಡುಕಿಕೊಂಡು ಬಂದು ಸಿಹಿ ಕೊಡುತ್ತಾಳೆ: ಗಂಡಾದರೆ ಪೇಢೆ, ಹೆಣ್ಣಾದರೆ ಜಿಲೇಬಿ. ಯಾವುದು ಬರುತ್ತದೆಂದು ಮುಂಚಿತವಾಗಿ ಹೇಳುವುದು 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಂತೆ ಅಪರಾಧ. ಬಂದದ್ದನ್ನು ಒಂದೇ ಮುಖಭಾವದಿಂದ ತಿನ್ನುವುದು ಈ ಶಾಸ್ತ್ರದ ಕೊನೆಯ ಪರೀಕ್ಷೆ. ತಿನ್ನುವ ಮೊದಲು ಮಾವಶಿಯ ಪಾಲು ತೆಗೆದಿಟ್ಟವನು ಮಾತ್ರ ಪಾಸು.