ಸೀಟಿ ಕೂಗದ ಕುಕ್ಕರು

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಮಗಳು ಬೇಕಿಂಗ್ ಕಲಿಯುತ್ತಿದ್ದಾಳೆ. ಮನೆಯಲ್ಲಿ ಓವನ್ ಇಲ್ಲ. ಹಾಗಾಗಿ ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ಕಿತ್ತಿಟ್ಟು, ತಳಕ್ಕೆ ಪುಡಿ ಉಪ್ಪು ಸುರಿದು, ಅದರೊಳಗೇ ಕೇಕು. ಅನ್ನ, ಬೇಳೆ ಬಿಟ್ಟರೆ ಬೇರೇನೂ ಕಾಣದ ಕುಕ್ಕರು, ನಿವೃತ್ತಿಯ ಅಂಚಿನಲ್ಲಿ ವರ್ಗವಾದ ಗುಮಾಸ್ತನಂತೆ ಕಂಗಾಲಾಗಿ ಕೂತಿದೆ. ಸೀಟಿಯೇ ಕೂಗದಿದ್ದರೆ ಬೆಂದಿತೆಂದು ನಾನಾದರೂ ನಂಬುವುದು ಹೇಗೆ? ಮುಚ್ಚಳದತ್ತ ಕೈ ಚಾಚಿದರೆ, "ಅಪ್ಪಾ, ಕೇಕು ಕುಸಿಯುತ್ತೆ!" ಎಂಬ ಗದರಿಕೆ. ಜತೆಗೆ, ಮೊಸರಿನ ಹುಳಿಗೆ ಸೋಡಾ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಹಿಟ್ಟು ಉಬ್ಬುತ್ತದೆಂಬ ಪಾಠ ಬೇರೆ. ವಿಜ್ಞಾನ ಪರೀಕ್ಷೆಯ ಹಿಂದಿನ ರಾತ್ರಿ ಈ ಜ್ಞಾನ ಎಲ್ಲಿ ಅಡಗಿತ್ತೋ! ಅಂತೂ ಕೇಕು ಹೊರಬಂತು, ನಡುವೆ ಸಣ್ಣದೊಂದು ಕೆರೆಯೊಂದಿಗೆ. ಅಜ್ಜಿ ಚೂರು ಬಾಯಿಗಿಟ್ಟು, "ಇಡ್ಲಿ ಸಿಹಿಯಾಗಿದೆ, ಚಟ್ನಿ ಎಲ್ಲೇ?" ಎಂದರು. ಪಾತ್ರೆ ತೊಳೆಯುವುದು ಸಿಲಬಸ್ಸಿನಲ್ಲಿಲ್ಲವಂತೆ. ಆ ಅಧ್ಯಾಯ ನನ್ನದು.